ತೆಗೆಯುವ ಹುಳ, ಬಿಡುವ ಹುಳ

ಆ ವರ್ಷ ನಮ್ಮ ಮನೆಯಲ್ಲಿ ಅವ್ವನ ಮಾತು ಎರಡೇ ಇದ್ದವು. ಒಂದು ‘ತೆಗಿ’, ಇನ್ನೊಂದು ‘ಬಿಡು’. ಎರಡೂ ಹುಳಗಳ ಕುರಿತು ಆಡಿದವು, ನಮ್ಮ ಕುರಿತಲ್ಲ. ಗೋವೆಯ ವಾಸ್ಕೋದಲ್ಲಿ ರೈಲು ಹಳಿಯ ಆಚೆ ಗುಡ್ಡದ ಇಳಿಜಾರಿಗೆ ಅಂಟಿಕೊಂಡಂತೆ ಒಂದು ಹೆಂಚಿನ ಮನೆ. ಅದರ ಯಜಮಾನಿಯನ್ನು ಓಣಿಯವರೆಲ್ಲ ಬಾಯ್ ಎಂದೇ ಕರೆಯುತ್ತಿದ್ದರು. ಆ ಮನೆಯ ಹಿಂದೆ, ಒಂದು ಕಾಲಕ್ಕೆ ಹಂದಿ ಕಟ್ಟುತ್ತಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ ತಗಡಿನ ಪತ್ರಾಸು ಹೊದಿಸಿ ಮಾಡಿದ ಖೋಲಿಯಲ್ಲಿ ನಾವಿದ್ದೆವು. ಹಂದಿಯ ವಿಷಯವನ್ನು ಬಾಯ್ ಎಂದೂ ಮುಚ್ಚಿಡಲಿಲ್ಲ. ಎರಡೂ ಕೈ ಅಗಲಿಸಿ “ಇಷ್ಟ್ ದೊಡ್ಡ ಹಂದಿ ಇತ್ತು” ಅನ್ನುತ್ತಿದ್ದರು, ಅಂಥದ್ದಕ್ಕೇ ಸಾಕಾಗಿತ್ತು, ನಿಮಗೆ ಸಾಲದೇ ಎನ್ನುವ ಧಾಟಿಯಲ್ಲಿ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ದೇವರು, ನಡುವೆ ಬಟ್ಟೆಯ ಹಗ್ಗ. ಮೇಲೆ ತೊಲೆಗೆ ಬಡಿದ ಒಂದು ಕಬ್ಬಿಣದ ಕೊಂಡಿ. ಆ ಕೊಂಡಿಗೆ ಮಳೆಗಾಲದವರೆಗೆ ಅವ್ವನ ಹಳೆಯ ಸೀರೆಯ ಜೋಳಿಗೆ ತೂಗುತ್ತಿತ್ತು, ಅದರಲ್ಲಿ ನನ್ನ ತಂಗಿ ಇದ್ದಳು. ಜ್ವರ ಬಂತು, ಹೋದಳು. ಹೆಸರು ಇಡುವುದು ಇನ್ನೂ ಬಾಕಿ ಇತ್ತು. ಆಮೇಲೆ ಅಪ್ಪ ತನ್ನ ಬುತ್ತಿಯ ಚೀಲವನ್ನು ಆ ಕೊಂಡಿಗೆ ನೇತುಹಾಕತೊಡಗಿದ. ಚೀಲಕ್ಕೆ ಒಂದು ಜಾಗ ಬೇಕಿತ್ತು.

ಅವ್ವ ಅದಕ್ಕೂ ಮೊದಲು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಆಮೇಲೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಖೋಲಿಯ ಹಿಂದಿನ ಹಿತ್ತಲಿಗೆ ಹೋಗಿ ಕೂರುವಳು. ಬಾಯ್‌ಗೆ ಮೊಣಕಾಲು ನೋವು, ಬಗ್ಗಲು ಆಗುತ್ತಿರಲಿಲ್ಲ. ಅವರು ಹಾಕಿಸಿದ್ದ ಬದನೆ, ಮೆಣಸಿನಕಾಯಿ, ಕೆಂಪು ರಾಜಗಿರಿ, ಕೋಲು ಹತ್ತಿದ ಅಳಸಂದಿ ಬಳ್ಳಿ ಎಲ್ಲವೂ ತಾನಾಗಿ ಅವ್ವನ ಪಾಲಿಗೆ ಬಂದವು. ಬಂದರದಿಂದ ಹಾರಿ ಬರುವ ಕಲ್ಲಿದ್ದಲ ಪುಡಿ ನಮ್ಮ ಹಗ್ಗದ ಬಟ್ಟೆಗೂ ಹಿತ್ತಲಿನ ಎಲೆಗೂ ಸಮನಾಗಿ ಕೂರುತ್ತಿತ್ತು. ಅವ್ವ ಒಂದೊಂದೇ ಎಲೆಯನ್ನು ಹಿಡಿದು ಮೇಲಿನ ಕಪ್ಪು ಒರೆಸುವಳು, ಆಮೇಲೆ ತಿರುವಿ ಕೆಳಗೆ ನೋಡುವಳು. ಕೆಳಗೆ ಇರುವುದನ್ನು ನೋಡಿ ಕೆಲವೊಮ್ಮೆ ಹೊಸಕುವಳು, ಕೆಲವೊಮ್ಮೆ ಎಲೆಯನ್ನು ಮೆಲ್ಲಗೆ ಮೊದಲಿನಂತೆ ಬಿಡುವಳು. ಅವಳ ಮುಖ ಎರಡಕ್ಕೂ ಒಂದೇ ಥರ ಇರುತ್ತಿತ್ತು.

ನಾನು ಆಗ ಓಣಿಯಲ್ಲಿ ಪ್ರಸಿದ್ಧ. ಓದಿನಲ್ಲಿ ಅಲ್ಲ. ಯಾರನ್ನು ನೋಡಿದರೂ ಅವರಂತೆ ನಡೆದು, ಅವರಂತೆ ಕೆಮ್ಮಿ, ಅವರಂತೆ ಮಾತಾಡಿ ತೋರಿಸುತ್ತಿದ್ದೆ. ಮೊಣಕಾಲು ಹಿಡಿದು ಮೆಟ್ಟಿಲಿಳಿಯುವ ಬಾಯ್ ನನ್ನ ಬಳಿ ಇದ್ದರು. ಬೆಂಚಿನ ಮೇಲೆ ಕೋಲಿನಿಂದ ಬಡಿದು ಆ ಸದ್ದಿಗೆ ತಾವೇ ಬೆಚ್ಚುವ ನಮ್ಮ ಮಾಸ್ತರರಿದ್ದರು. ಅಪ್ಪನೂ ಇದ್ದ. ಅಪ್ಪನನ್ನು ಮಾಡುವುದು ಬಲು ಸುಲಭ, ನೆಲ ನೋಡಿಕೊಂಡು ‘ಹೂಂ ರಿ’ ಅಂದರಾಯಿತು. ಮಾಡಲು ಯಾರೂ ಸಿಗದಿದ್ದರೆ ನನ್ನನ್ನೇ ಮಾಡುತ್ತಿದ್ದೆ: ಲೆಕ್ಕ ಕೇಳಿದಾಗ ಬಾಯಿ ತೆರೆದು, ಪತ್ರಾಸಿನ ಕಡೆ ನೋಡುವ ಹುಡುಗ. ಮೊದಲೆಲ್ಲ ಅವ್ವ ಇದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮಳೆಗಾಲದ ನಂತರ ಬಾಯ್, ಮಾಸ್ತರ, ಅಪ್ಪ ಯಾರನ್ನು ತಂದು ನಿಲ್ಲಿಸಿದರೂ ಅವಳು ನನ್ನ ಆಚೆ ಇರುವ ಏನನ್ನೋ ನೋಡುತ್ತಿದ್ದಳು. ಮನುಷ್ಯರೆಲ್ಲ ಖಾಲಿಯಾದರು. ಆಮೇಲೆ ನಾನು ಹುಳಗಳಿಗೆ ಬಂದೆ.

ಮೊದಲು ಮಾಡಿದ್ದು ಬದನೆ ಗಿಡದ ಮೇಲೆ ಕೈಮುಗಿದು ಕೂರುವ ಹಸಿರು ಹುಳವನ್ನು. ಅದು ಥೇಟ್ ಬಂದರದಲ್ಲಿ ಅಪ್ಪನಂಥ ಕೂಲಿಗಳ ಮೇಲಿರುವ ಮುಕಾದಮನಂತೆ. ಎರಡು ಮುಂಗಾಲು ಎದೆಗೆ ಮಡಚಿ ದೊಡ್ಡ ಭಕ್ತನ ಹಾಗೆ ನಿಲ್ಲುವುದು, ಕುತ್ತಿಗೆ ಮಾತ್ರ ತಿರುಗಿಸಿ ಯಾರು ಕೈಗೆ ಸಿಗುತ್ತಾರೆ ಎಂದು ನೋಡುವುದು. ನಾನು ಅವ್ವನ ಎದುರು ಹಾಗೆ ನಿಂತೆ.

“ಯವ್ವಾ, ನಾ ಯಾರು ಹೇಳು?”

ಅವ್ವ ನೋಡಿದಳು. ನಗಲಿಲ್ಲ. ಆದರೆ ನೋಡಿದಳು.

“ಬಿಡು,” ಅಂದಳು.

ನನ್ನನ್ನು ಬಿಡು ಅಂದಳೋ, ಹುಳವನ್ನೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವಳ ಬೆರಳು ಗಿಡದ ಕಡೆ ತೋರಿಸಿತು. ಅಲ್ಲಿ ನನ್ನ ಮುಕಾದಮ ಒಂದು ಮಿಡತೆಯನ್ನು ಹಿಡಿದು ತಲೆಯಿಂದ ತಿನ್ನುತ್ತಿದ್ದ. ಅಂದಿನಿಂದ ಇದೇ ನಮ್ಮ ಆಟವಾಯಿತು, ಆಟ ಎನ್ನಬಹುದಾದರೆ. ನಾನು ಹುಳವಾಗುವುದು, ಅವಳು ತೀರ್ಪು ಕೊಡುವುದು. ಮೆಣಸಿನ ಗಿಡದ ಕಂಕುಳಲ್ಲಿ ಬಿಳಿ ಪುಡಿ ಬಳಿದುಕೊಂಡು ಅಲುಗಾಡದೆ ಕೂರುವ ಹಿಟ್ಟು ತಿಗಣೆ ಬಂತು. ಅದಕ್ಕೆ ನಾನು ಭಾನುವಾರ ಪೌಡರ್ ಹಚ್ಚಿಕೊಂಡು ಇಗರ್ಜಿಗೆ ಹೊರಟ ಬಾಯ್ ಆದೆ. “ತೆಗಿ.” ಬದನೆಕಾಯಿಗೆ ತೂತು ಕೊರೆದು, ಒಳಗೇ ಉಂಡು, ಒಳಗೇ ಮಲಗುವ ಕೀಡಿ ಬಂತು. ಅದಕ್ಕೆ ಯಾರನ್ನೂ ಹುಡುಕಬೇಕಾಗಲಿಲ್ಲ, ನಾನು ನಾನಾಗಿಯೇ ನಿಂತೆ. “ತೆಗಿ.”

ನನ್ನನ್ನು ಹೆಚ್ಚು ಸತಾಯಿಸಿದ್ದು ಗುಲಗಂಜಿ ಹುಳ. ಕೆಂಪು ಮೈ, ಕರಿ ಬೊಟ್ಟು, ಗುಂಡಗೆ ಹೊಳೆಯುತ್ತದೆ. ಅಳಸಂದಿಯ ಮೇಲೆ ಅದು ಕಂಡರೆ ಅವ್ವ ಬಿಡು ಅನ್ನುವಳು, ಬದನೆಯ ಮೇಲೆ ಅದೇ ಕಂಡರೆ ತೆಗಿ ಅನ್ನುವಳು. ಇದೆಂಥ ನ್ಯಾಯ ಎಂದು ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಬದನೆಯದು ಬೇರೆಯೇ ಹುಳ. ಬಣ್ಣ ಮಾಸಲು, ಮೈಮೇಲೆ ಸಣ್ಣ ರೋಮ, ಬೊಟ್ಟುಗಳು ತುಂಬ. ಎಲೆಯ ಹಸಿರನ್ನು ಕೆರೆದು ಕೆರೆದು ತಿಂದು ಜಾಳಿಗೆ ಮಾಡಿಡುತ್ತದೆ. ಹೊಳೆಯುವ ಇನ್ನೊಂದು ಎಲೆಯನ್ನು ಮುಟ್ಟುವುದಿಲ್ಲ, ಬಳ್ಳಿಯ ರಸ ಹೀರುವ ಕರೀ ಹೇನುಗಳನ್ನು ತಿನ್ನುತ್ತದೆ. ಆಮೇಲೆ ಒಂದು ದಿನ ಅಳಸಂದಿಯ ಕುಡಿಯಲ್ಲಿ ಕರ್ರಗೆ, ಉದ್ದಕ್ಕೆ, ಬೆನ್ನ ಮೇಲೆ ಕಿತ್ತಳೆ ಚುಕ್ಕಿ, ಮೈಯೆಲ್ಲ ಮುಳ್ಳಿನಂತಿದ್ದ ಒಂದು ಪ್ರಾಣಿ ಸರಸರ ಓಡಾಡುವುದನ್ನು ಕಂಡೆ. ಇಷ್ಟು ಕೆಟ್ಟದಾಗಿದ್ದ ಮೇಲೆ ಕೇಳುವುದೇನು ಎಂದು ಹೊಸಕಲು ಹೋದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

“ಬಿಡು.”

“ಇದನ್ನೂ?”

ಕೆಲವು ದಿನಗಳ ನಂತರ ಆ ಪ್ರಾಣಿ ಎಲೆಯ ಅಡಿಗೆ ತಲೆಕೆಳಗಾಗಿ ಅಂಟಿಕೊಂಡು ಒಣಗಿದಂತಾಯಿತು. ಸತ್ತಿತು ಎಂದುಕೊಂಡೆ. ಆಮೇಲೆ ಅದರ ಬೆನ್ನು ಸೀಳಿ ಹಳದಿಯಾದ, ಮೆತ್ತಗಿನ ಗುಲಗಂಜಿ ಹುಳವೊಂದು ಹೊರಗೆ ಬಂತು. ಕೂತಲ್ಲೇ ನಿಧಾನಕ್ಕೆ ಕೆಂಪಾಯಿತು, ಬೊಟ್ಟು ಮೂಡಿದವು. ನಾನು ಕೂಗಿ ಕುಣಿದೆ. ಅವ್ವ ಪಕ್ಕದ ಎಲೆ ಒರೆಸುತ್ತಿದ್ದಳು. ಅವಳು ಇದನ್ನು ಮೊದಲೇ ನೋಡಿದ್ದಳು ಅಂತ ಕಾಣುತ್ತದೆ. ಅಷ್ಟು ಹೊತ್ತು ಅಲ್ಲಿ ಕೂತವಳು ನೋಡದೆ ಏನು ಮಾಡುತ್ತಾಳೆ? ಹೀಗೆ ನೋಡುತ್ತ ನೋಡುತ್ತ ನನಗೂ ಒಂದು ಗುರುತು ಸಿಕ್ಕಿತು: ಬೆರಳು ತಂದರೆ ಓಡುವುದು ಬಹುಮಟ್ಟಿಗೆ ಬೇಟೆಗಾರ, ಬಿಡಬೇಕು, ಬೆರಳು ತಂದರೂ ಕೂತಲ್ಲೇ ಉಣ್ಣುತ್ತಿರುವುದು ಬಹುಮಟ್ಟಿಗೆ ತೆಗೆಯಬೇಕಾದದ್ದು. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಮೊದಲು ತೆಗೆಯಬೇಕಾದವನು ನಾನೇ.

ಚಳಿ ಶುರುವಾದಾಗ ಅವ್ವನ ತಾಯಿ, ನಮ್ಮ ಆಯಿ, ವಿಜಾಪುರದ ಕಡೆಯ ಊರಿನಿಂದ ಬಸ್ಸಿನಲ್ಲಿ ಬಂದಿಳಿದಳು. ತಲೆ ಮೇಲೆ ಸಜ್ಜೆ ಹಿಟ್ಟಿನ ಗಂಟು, ಕೈಯಲ್ಲಿ ಶೇಂಗಾ, ಪುಂಡಿಪಲ್ಯದ ಚೀಲ. ಮಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ನೀರು ಸಹ ಕುಡಿಯದೆ ಅಪ್ಪನ ವಿಚಾರಣೆ ತೆಗೆದಳು.

“ಅಳಿಯಾರ, ಇಕಿ ನಕ್ಕು ಎಷ್ಟ್ ದಿನಾ ಆತ್ರಿ?”

“ಗೊತ್ತಿಲ್ರಿ.”

“ಊಟ ಮಾಡ್ತಾಳೇನು?”

“ಮುಂದ ಇಟ್ರ ಮಾಡ್ತಾಳ್ರಿ.”

“ಮಾತು?”

“ತೆಗಿ. ಬಿಡು,” ಅಂದೆ ನಾನು, ಅವ್ವನ ದನಿಯಲ್ಲಿ. ಅಪ್ಪ ನನ್ನ ಕಡೆ ನೋಡಿದ ರೀತಿಗೆ ನಾನು ಬಾಗಿಲ ಸಂದಿಗೆ ಸರಿದೆ.

“ಎಳ್ಳ ಅಮಾಸಿ ಆಗಲಿ,” ಅಂದಳು ಆಯಿ. “ಅದರ ಮುಂದಿನ ವಾರ ಶನಿವಾರದ ಬಸ್ಸಿಗೆ ನೀಲಾನ್ನ ಕರ್ಕೊಂಡ್ ಹೊಕ್ಕೀನಿ. ನಾಕ್ ಮಂದ್ಯಾಗ ಇದ್ರ ಸುದ್ದ ಆಕ್ಕಾಳ. ಇಲ್ಲಿ ಕುಂತು ಹುಳಾ ಎಣಿಸಿ ಹುಳಾನ ಆಗ್ಯಾಳ.”

“ಹೂಂ ರಿ.”

“ಈ ಮಂಗ್ಯಾನ್ನ ಏನ್ ಮಾಡ್ತೀರಿ?”

“ನಮ್ಮ ಅಣ್ಣನ ಮನ್ಯಾಗ ಬಿಡ್ತೀನ್ರಿ, ಕುಂಕಳ್ಳ್ಯಾಗ. ನಾ ಬಂದರದ ಮಂದಿ ಜೋಡಿ ಇರ್ತೀನ್ರಿ. ಖೋಲಿ ಬಿಟ್ಟುಬಿಡೂಣು.”

ಅಪ್ಪ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಂದರೆ ಈ ಮಾತನ್ನು ಅವನು ಮೊದಲೇ ಒಳಗೆ ಜೋಡಿಸಿಟ್ಟುಕೊಂಡಿದ್ದ. ತವರಿಗೆ ಹೋದರೆ ಅವ್ವ ಯಾವಾಗ ಬರುತ್ತಾಳೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡಪ್ಪ ಕಾರ್ಖಾನೆಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುವ ಮನುಷ್ಯ. ಆ ಬೀಗದ ಸದ್ದನ್ನು ಕೂಡ ನಾನು ಚೆನ್ನಾಗಿ ಮಾಡುತ್ತಿದ್ದೆ. ಆ ದಿನ ಮಾಡಲಿಲ್ಲ. ಮೂವರು ಮೂರು ಕಡೆ ಎಂಬುದು ನನಗೆ ತಿಳಿಯಿತು, ತಿಳಿದರೂ ಎಲ್ಲೂ ನೋಯಲಿಲ್ಲ, ಕೂತು ಕೂತು ಮರಗಟ್ಟಿದ ಕಾಲನ್ನು ಚಿವುಟಿದ ಹಾಗೆ. ಅವ್ವ ಹಿತ್ತಲಲ್ಲಿದ್ದಳು. ಅವಳಿಗೆ ಕೇಳಿಸಿತ್ತು. ಒಂದು ಎಲೆಯನ್ನು ತಿರುವಿ ಹಿಡಿದವಳು ಬಹಳ ಹೊತ್ತು ಹಾಗೇ ಇದ್ದಳು, ಅಷ್ಟೆ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಅಡುಗೆಯನ್ನೆಲ್ಲ ಕಲಸಿ, ಒಬ್ಬರು ಕೂಗುತ್ತ ಹೊಲದ ತುಂಬ ಎರಚುತ್ತ ಹೋದರೆ ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಓಗೊಡಬೇಕು. ಭೂಮಿಗೂ, ಭೂಮಿಯ ಮೇಲಿನ ಸಮಸ್ತಕ್ಕೂ ಅಂದು ಊಟ. ಗೋವೆಗೆ ಬಂದ ಮೇಲೆ ನಾವು ಅದನ್ನು ಬಿಟ್ಟಿದ್ದೆವು, ಎಲ್ಲಿಯ ಹೊಲ? ಆಯಿ ಬಿಡಲಿಲ್ಲ. ಈ ಮನೆಯ ಬಸುರು ಬಾಣಂತನ ದಕ್ಕದೆ ಹೋದದ್ದಕ್ಕೆ ಚರಗ ತಪ್ಪಿಸಿದ್ದೇ ಕಾರಣ ಎಂದು ಅವಳು ತೀರ್ಮಾನಿಸಿದ್ದಳು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ ಎಲ್ಲವನ್ನೂ ಒಬ್ಬಳೇ ಮಾಡಿದಳು. ಅವ್ವನ ಕೈಗೆ ಒಂದು ಹಿಟ್ಟಿನ ಉಂಡೆ ಕೊಟ್ಟಳು. ಅವ್ವ ಅದನ್ನು ಹಿಡಿದುಕೊಂಡೇ ಕೂತಳು. ಆಯಿಯ ಕೈಗೆ ಅಳತೆ ಅಂದರೆ ಹೊಲದ ಅಳತೆ. ಎಕರೆಗಟ್ಟಲೆ ನೆಲಕ್ಕೆ ಸಾಲುವಷ್ಟು ಚರಗ ಕಲಸಿದಳು, ಬೆಲ್ಲದ ಹೂರಣವೇ ಹೆಚ್ಚು. ಅದಷ್ಟೂ ಸೀರೆ ಹರವಿದಷ್ಟಿದ್ದ ನಮ್ಮ ಹಿತ್ತಲ ಮೇಲೆ ಬಿತ್ತು.

“ಹುಲ್ಲುಲ್ಲಿಗೋ!” ಎಂದು ಅಪ್ಪ ಕೂಗಿದ. ಕಚೇರಿಯಲ್ಲಿ ಹೆಸರು ಕರೆದಾಗ ಹಾಜರಿ ಹೇಳುವ ದನಿ.

“ಚಲ್ಲಂಬರಿಗೋ!” ಎಂದು ನಾನು ನೀರಿನ ತಂಬಿಗೆ ಹಿಡಿದು ಅಪ್ಪನ ದನಿಯಲ್ಲೇ ಓಗೊಟ್ಟೆ.

ಬಾಯ್ ಹಿಂದಿನ ಮೆಟ್ಟಿಲ ಮೇಲೆ ಬಂದು ನಿಂತರು.

“ಅರೆ ದೇವಾ! ಜೆವಣ್ ಕಿತ್ಯಾಕ್ ಉಡಯ್ತಾ ಗೊ?”

“ಏನಂತಾಳ ಆಕಿ?” ಆಯಿ ನನ್ನನ್ನು ಕೇಳಿದಳು.

“ಊಟಾ ಯಾಕ ಚೆಲ್ಲಾಕತ್ತೀರಿ ಅಂತಾಳ.”

“ಇವತ್ತ ಎಲ್ಲಾರ್ದೂ ಊಟ ಅನ್ನು. ಇಲಿ, ಹಕ್ಕಿ, ಹುಳಾ, ಹುಪ್ಪಡಿ. ಆಕೀನೂ ಬರಲಿ ಅನ್ನು.”

ನಾನು ಅದೇ ಕ್ರಮದಲ್ಲಿ ಕೊಂಕಣಿಗೆ ತಿರುಗಿಸಿದೆ, ಇಲಿಯಿಂದ ಶುರು ಮಾಡಿ ಬಾಯ್‌ವರೆಗೆ. ಬಾಯ್ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಮೊಣಕಾಲು ಹಿಡಿದು ಇಳಿದು ಬಂದು ಶೇಂಗಾ ಹೋಳಿಗೆ ತಿಂದರು, ಇನ್ನೊಂದು ಕೇಳಿದರು. ಆಯಿ ಒಂದು ತುತ್ತು ಅವ್ವನ ಬಾಯಿಗೂ ಇಟ್ಟಳು. ಅವ್ವ ಅಗಿದಳು.

ಕರಿಮಣ್ಣಿನ ಹೊಲದಲ್ಲಿ ಚೆಲ್ಲಿದ್ದು ಅಲ್ಲಲ್ಲೇ ಕಾಣೆಯಾಗುತ್ತದೆ. ಇಲ್ಲಿ ಹೋಗಲು ಜಾಗವಿರಲಿಲ್ಲ. ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಇರುವೆಗಳು ಬಂದಿದ್ದವು, ಗೋಡೆಯ ಬಿರುಕಿನಿಂದ, ಹುಣಸೆ ಮರದ ಬುಡದಿಂದ, ಎಲ್ಲಿಂದಲೋ. ಮೊದಲು ಹೂರಣ ಹೊತ್ತವು. ಹೂರಣ ಮುಗಿಯುತ್ತ ಬಂದಾಗ ಅಳಸಂದಿ ಬಳ್ಳಿ ಹತ್ತಿದವು. ಅಲ್ಲಿ ಒಂದೆರಡು ಕುಡಿಗಳಲ್ಲಿ ಮಾತ್ರ ಇದ್ದ ಕರೀ ಹೇನುಗಳು ರಸ ಹೀರಿ ಹಿಂದಿನಿಂದ ಸಿಹಿ ಹನಿ ಬಿಡುತ್ತಿದ್ದವು. ಇರುವೆಗಳು ಆ ಹನಿ ನೆಕ್ಕುತ್ತ ಹೇನುಗಳಿಗೆ ಕಾವಲು ನಿಂತವು. ನನಗೆ ಹೊಸ ವೇಷ ಸಿಕ್ಕಿತು, ಬಂದರದ ಗೇಟಿನ ಕಾವಲುಗಾರ: ಎದುರು ಬಂದವರನ್ನೆಲ್ಲ ಮೂತಿಯಿಂದ ಮೂಸುವುದು, ಚೀಟಿ ಎಲ್ಲಿ ಅನ್ನುವುದು, ಅಟ್ಟುವುದು. ಗುಲಗಂಜಿ ಹುಳದ ಬಳಿ ಚೀಟಿ ಇರಲಿಲ್ಲ, ಹಾರಿಹೋಯಿತು. ಅದರ ಕರೀ ಮರಿಗಳಿಗೆ ರೆಕ್ಕೆಯಿಲ್ಲ. ಒಂದನ್ನು ಇರುವೆಗಳು ಕಾಲು ಹಿಡಿದು ಎಳೆದು ಕೆಳಗೆ ಬೀಳಿಸಿದ್ದನ್ನು ನಾನೂ ಅವ್ವನೂ ಒಟ್ಟಿಗೆ ನೋಡಿದೆವು. ಮುಂದಿನ ವಾರದ ಹೊತ್ತಿಗೆ ಬಳ್ಳಿಯ ಎಳೆ ಕುಡಿಗಳೆಲ್ಲ ಡಾಂಬರು ಬಳಿದಂತೆ ಕಪ್ಪಾದವು, ಎಲೆ ಮುದುಡಿದವು. ಅವ್ವ ತೆಗಿ ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಉಳಿದಿದ್ದ ಎರಡು ಮಾತೂ ಹೋದವು ಎಂದುಕೊಂಡೆ.

ಶನಿವಾರ ಬಂತು. ಆಯಿ ಗಂಟು ಕಟ್ಟಿದಳು. ಅಪ್ಪ ಅರ್ಧ ದಿನ ರಜೆ ಹಾಕಿ ಅವ್ವನ ಸೀರೆಗಳನ್ನು ಒಂದು ಚೀಲಕ್ಕೆ ತುಂಬಿದ. ನನ್ನ ಬಟ್ಟೆಗಳನ್ನು ಬೇರೆ ಚೀಲಕ್ಕೆ ಹಾಕಿದ. ಹಗ್ಗದ ಮೇಲೆ ಏನೂ ಉಳಿಯಲಿಲ್ಲ. ಆಗ ಖೋಲಿ ನಿಜವಾಗಿಯೂ ಸಣ್ಣದಲ್ಲ ಅನ್ನಿಸಿತು. ಅವ್ವನಿಗೆ ಆಯಿ ತಲೆ ಬಾಚಿ, ಹೊಸ ಕುಪ್ಪಸ ತೊಡಿಸಿ ಹೊಸ್ತಿಲ ಮೇಲೆ ಕೂರಿಸಿದ್ದಳು. ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತಿದ್ದಳು. ಅಷ್ಟರಲ್ಲಿ ಬಾಯ್ ಒಂದು ಡಬ್ಬಿ ಹಿಡಿದು ಹಿತ್ತಲಿಗೆ ಬಂದರು. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ, ಒಳಗೆ ಬಿಳಿ ಪುಡಿ.

“ಮುಯೊ, ಮುಯೊ! ಎಲ್ಲಾ ಇರಿವಿ!” ಅಂದರು, ಅರ್ಧ ತಮ್ಮ ಭಾಷೆ, ಅರ್ಧ ನಮ್ಮದು. “ನೀವ್ ಹೋಗ್ತೀರಿ, ಯಾರ್ ನೋಡ್ತಾರೆ? ಪುಡಿ ಹಾಕ್ತೇನೆ, ಎಲ್ಲಾ ಖಲಾಸ್.”

ಅವರು ಡಬ್ಬಿಯ ಮುಚ್ಚಳ ತೆಗೆದು ಬಳ್ಳಿಯ ಮೇಲೆ ಬಗ್ಗಿಸಿದರು.

“ಹಾಕಬ್ಯಾಡ್ರಿ,” ಅಂದಳು ಅವ್ವ. “ಮರಿ ಅದಾವ ಅದರಾಗ.”

ದನಿ ಒರಟಾಗಿತ್ತು, ಬಹಳ ದಿನ ತೆರೆಯದ ಕದದಂತೆ. ಅವಳು ಎದ್ದು ಹೋಗಿ ಬಾಯ್ ಕೈಯಿಂದ ಡಬ್ಬಿ ಇಸಿದುಕೊಂಡಳು, ಮುಚ್ಚಳ ಹಾಕಿದಳು. ಆಯಿ ಗಂಟು ಬಿಟ್ಟು ಓಡಿ ಬಂದಳು.

“ಏನಂದಿ ನೀಲಾ? ಏನಂದಿ?”

“ಗುಲಗಂಜಿ ಹುಳದ ಮರಿ ಅದಾವ. ಪುಡಿ ಬಿದ್ರ ಅವೂ ಸಾಯ್ತಾವ.”

“ಸಾಯಲಿ ಬಿಡ, ಹುಳಾ! ಬಸ್ಸಿಗಿ ಹೊತ್ತಾತು, ನಡಿ.”

“ನೀ ಹೋಗ ಯವ್ವಾ. ನೀ ಚೆಲ್ಲಿದ್ದು ನಾ ಬಳೀಬೇಕು.”

ಆಯಿ ಸೊಂಟದ ಮೇಲೆ ಕೈಯಿಟ್ಟಳು. “ಚರಗಾ ಚೆಲ್ಲಿದ್ದು ತಪ್ಪೇನ? ಯಾರ ಸಲುವಾಗಿ ಚೆಲ್ಲೀನಿ? ನಿನ್ನ ಸಲುವಾಗಿ ಚೆಲ್ಲೀನಿ!”

“ಹೊಲಕ್ಕ ಚೆಲ್ಲಬೇಕು ಅದನ್ನ. ಇದು ಹೊಲ ಅಲ್ಲ. ಇಷ್ಟ್ ನೆಲಕ್ಕ ಅಷ್ಟ್ ಬೆಲ್ಲಾ ಸುರವ್ತಾರೇನು? ಕಣ್ಣಿಲ್ಲೇನು ನಿನಗ?”

“ನನಗ ಕಣ್ಣಿಲ್ಲಂತ! ಕೇಳಿದ್ರ್ಯಾ ಅಳಿಯಾರ? ಹಡದಾಕಿಗೆ ಕಣ್ಣಿಲ್ಲಂತ!”

ಎಲ್ಲರೂ ಅಪ್ಪನ ಕಡೆ ನೋಡಿದೆವು. ‘ಹೂಂ ರಿ’ ಬರುತ್ತದೆ ಎಂದು ನನ್ನ ತುಟಿ ಆಗಲೇ ತಯಾರಾಗಿತ್ತು. ಅಪ್ಪ ಕೈಯಲ್ಲಿದ್ದ ಚೀಲವನ್ನು ನೋಡಿದ, ಅವ್ವನನ್ನು ನೋಡಿದ.

“ಇರ್ಲಿ ಬಿಡ್ರಿ ಅತ್ತಿ,” ಅಂದ. “ಕೆಲಸ ಐತಂತಲ್ಲ ಆಕಿಗೆ.”

ಆಯಿಯನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದದ್ದು ನಾನು ಮತ್ತು ಅಪ್ಪ. ದಾರಿಯುದ್ದಕ್ಕೂ ಅವಳು ಸೆರಗಿನಿಂದ ಮೂಗು ಒರೆಸುತ್ತ ಬಂದಳು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ, ಆಗಲೇ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಹೇಳುವುದು ಕೆಳಗೆ ನಿಂತ ನಮಗೂ ಕೇಳಿಸಿತು: “ನನ್ನ ಮಗಳು ನನಗ ಬೈದ್ಲು ನೋಡವ್ವಾ. ನಡು ಹಿತ್ತಲದಾಗ ನಿಂತು, ಮಂದಿ ಮುಂದ, ಚಂದಾಗಿ ಬೈದ್ಲು.” ಅಳುತ್ತಿದ್ದಳೋ, ಹಿಗ್ಗುತ್ತಿದ್ದಳೋ, ಆ ದನಿಯನ್ನು ನಾನು ಇವತ್ತಿಗೂ ಸರಿಯಾಗಿ ಮಾಡಲಾರೆ.

ಇದನ್ನು ಹೇಳಿದರೆ ಕೇಳಿದವರು, ಹಾಗಾದರೆ ಅವ್ವ ಸುದ್ದ ಆದಳು ಅನ್ನುತ್ತಾರೆ. ಅಷ್ಟು ಸರಳವಲ್ಲ. ಆ ಸಂಜೆ ಅವಳು ಮತ್ತೆ ಮಾತಾಡಲಿಲ್ಲ, ಒಲೆ ಹಚ್ಚಲೂ ಇಲ್ಲ. ಅಪ್ಪ ಅಂಗಡಿಯಿಂದ ಪಾವ್, ಚಹಾ ತಂದ, ಅದ್ದಿ ತಿಂದೆವು. ಮಾರನೆಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಹಿತ್ತಲಲ್ಲಿದ್ದಳು. ಮಣ್ಣಲ್ಲಿ ಉಳಿದಿದ್ದ ಹೋಳಿಗೆಯ ಚೂರುಗಳನ್ನೆಲ್ಲ ಕೆದಕಿ ಬುಟ್ಟಿಗೆ ತುಂಬಿದ್ದಳು. ಅಳಸಂದಿಯ ಬುಡದ ಸುತ್ತ ಒಲೆಯ ಬೂದಿ ಸುರಿದಿದ್ದಳು. ತೀರಾ ಕಪ್ಪಾದ ಕುಡಿಗಳನ್ನು ಚಿವುಟಿ ಹಾಕಿ, ಉಳಿದವನ್ನು ಒಂದೊಂದೇ ಎಡಗೈಯಲ್ಲಿ ಹಿಡಿದು, ತಂಬಿಗೆಯಿಂದ ನೀರು ಬಿಟ್ಟು ಹೆಬ್ಬೆರಳಿನಿಂದ ಹೇನು ತೊಳೆಯುತ್ತಿದ್ದಳು. ಕರೀ ಮರಿ ಕಂಡರೆ ಆ ಎಲೆಯನ್ನು ದಾಟಿ ಮುಂದಿನದಕ್ಕೆ ಹೋಗುವಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಯಾವ ಹುಳವನ್ನೂ ಮಾಡಲಿಲ್ಲ. ಮಾಡಬೇಕು ಅನ್ನಿಸಲಿಲ್ಲ. ಆಚೆ ಮೆಟ್ಟಿಲ ಮೇಲೆ ಬಾಯ್ ಪೌಡರ್ ಹಚ್ಚಿಕೊಂಡು, ಒಳ್ಳೆಯ ಫ್ರಾಕು ತೊಟ್ಟು, ಕೊಡೆಯೂರುತ್ತ ಇಗರ್ಜಿಗೆ ಹೊರಟಿದ್ದರು. ಗಂಟೆ ಬಾರಿಸುತ್ತಿತ್ತು. ಅವ್ವ ತಂಬಿಗೆ ಕೆಳಗಿಟ್ಟು, ಸೊಂಟ ನೆಟ್ಟಗೆ ಮಾಡಿ, ತಿರುಗಿದಳು. ನನ್ನನ್ನು ಕಂಡಳು. ಯಾವಾಗಿನಿಂದ ಇಲ್ಲಿದ್ದಾನೆ ಇವನು ಎನ್ನುವಂತೆ ಕಾಲಿನಿಂದ ತಲೆಯವರೆಗೆ ನೋಡಿದಳು.

“ಸಾಲಿಗಿ ಹೋಗಿಲ್ಲೇನ ನೀ?”

ಭಾನುವಾರ. ಸಾಲಿಗೆ ರಜೆ, ಆದರೆ ಅವ್ವ ಕೇಳಿದ್ದು ನನ್ನನ್ನು.

“ಹೊಂಟೇನಿ ಯವ್ವಾ.”

ಒಳಗೆ ಹೋಗಿ ಮುಖ ತೊಳೆದೆ. ಅಪ್ಪ ಬಾಗಿಲಿಗೆ ಅಡ್ಡಲಾಗಿ ಚಾಪೆಯ ಮೇಲೆ ಮಲಗಿದ್ದವನು ಎಲ್ಲ ಕೇಳಿಸಿಕೊಂಡಿದ್ದ. ಕಾಲು ಮಡಚಿ ನನಗೆ ದಾರಿ ಬಿಟ್ಟ. ಕುಂಕಳ್ಳಿಗೆಂದು ತುಂಬಿಟ್ಟಿದ್ದ ಚೀಲದಿಂದ ಅಂಗಿ ಎಳೆದು ತೊಟ್ಟುಕೊಂಡು, ಪಾಟಿಚೀಲ ಹೆಗಲಿಗೇರಿಸಿ, ಇಗರ್ಜಿಗೆ ಹೋಗುವವರ ನಡುವೆ ನುಸುಳಿ ಸಾಲಿಯ ಕಡೆ ನಡೆದೆ. ಗೇಟಿಗೆ ಬೀಗ ಹಾಕಿತ್ತು. ಅದರ ಎದುರಿನ ಕಟ್ಟೆಯ ಮೇಲೆ ಚೀಲವನ್ನು ತೊಡೆಗೆ ಒತ್ತಿಕೊಂಡು, ಸಾಲಿ ಬಿಡುವ ಹೊತ್ತಾಗುವವರೆಗೆ ಕೂತೆ.